ಅಥೆನ್ಸ್‌ನಲ್ಲಿ ಆರ್.ಇ.ಎಂ. ಹುಡುಕುತ್ತಾ ಒಂದು ದಿನ ಸುತ್ತುವುದು ಹೇಗೆ

2009ರ ಆಗಸ್ಟ್‌ನಲ್ಲಿ ಓದಲು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್‌ಗೆ ಬಂದೆ. ಆರ್.ಇ.ಎಂ. ಇದೇ ಊರಿನ ರಾಕ್ ಬ್ಯಾಂಡು, ಒಂದಲ್ಲ ಒಂದು ಸಂಜೆ ಇಲ್ಲೇ ನುಡಿಸ್ತಾರೆ ಅಂದುಕೊಂಡಿದ್ದೆ. ಆದರೆ ಅವರ ಕೊನೆಯ ಶೋ ಹಿಂದಿನ ನವೆಂಬರ್‌ನಲ್ಲೇ ಮೆಕ್ಸಿಕೊ ಸಿಟಿಯಲ್ಲಿ ಮುಗಿದುಹೋಗಿತ್ತು. 2011ರ ಸೆಪ್ಟೆಂಬರ್ 21ಕ್ಕೆ ಬ್ಯಾಂಡ್ ಮುಚ್ಚಿದ ಸುದ್ದಿ ಬಂತು. ಲ್ಯಾಬ್‌ನಲ್ಲಿದ್ದೆ. ಆವತ್ತು ಮತ್ತೆ ಕೆಲಸ ಸಾಗಲಿಲ್ಲ.

ಈಗ ಅಟ್ಲಾಂಟಾದಲ್ಲಿದ್ದೇನೆ. ಯಾರಾದರೂ ಗೆಳೆಯರು ಬಂದರೆ ನೂರಹತ್ತು ಕಿಲೋಮೀಟರ್ ಕಾರು ಓಡಿಸಿ ಅಥೆನ್ಸ್ ತೋರಿಸುತ್ತೇನೆ. ನೀವೂ ಹೋಗುವುದಾದರೆ ಹೀಗೆ ಹೋಗಿ.

ಮೊದಲು ವಕ್ಸ್‌ಟ್ರಿ ರೆಕಾರ್ಡ್ಸ್. ಗಿಟಾರಿಸ್ಟ್ ಪೀಟರ್ ಬಕ್ ಕೆಲಸಕ್ಕಿದ್ದ ಅಂಗಡಿ ಇದು, ಹಾಡುಗಾರ ಮೈಕಲ್ ಸ್ಟೈಪ್ ಅವನಿಗೆ ಪರಿಚಯವಾದದ್ದೂ ಇಲ್ಲೇ. ‘ಪೀಟರ್ ಈಗಲೂ ಬರ್ತಾರಾ’ ಅಂತ ಕೇಳಬೇಡಿ, ಕೇಳಿ ಕೇಳಿ ಅಂಗಡಿಯವರಿಗೂ ಸಾಕಾಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಸಾಲಿನಲ್ಲಿ ಬ್ಯಾಂಡಿನ 1983ರ ಆಲ್ಬಮ್ ‘ಮರ್ಮರ್’ನ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಹುಡುಕಿ. ನನಗೆ ಸಿಕ್ಕಿದ್ದರ ಮೂಲೆಯಲ್ಲಿ ಯಾರೋ ನೀಲಿ ಬಾಲ್‌ಪೆನ್ನಲ್ಲಿ ಹೆಸರು ಬರೆದು, ಆಮೇಲೆ ಗೀಚಿ ಹಾಕಿದ್ದರು. ಹಾಡು ಕಟ್ಟಿದವರು ಅಂತ ಬ್ಯಾಂಡಿನ ನಾಲ್ಕೂ ಜನರ ಹೆಸರು ಒಟ್ಟಿಗಿದೆ, ನೋಡಿ: ಬೆರಿ, ಬಕ್, ಮಿಲ್ಸ್, ಸ್ಟೈಪ್. ಬ್ಯಾಂಡು ಮೂವತ್ತೊಂದು ವರ್ಷ ಬಾಳಿದ್ದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು. ರೆಕಾರ್ಡ್ ಕೈಯಲ್ಲೇ ಇರಲಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಓಕೋನಿ ಸ್ಟ್ರೀಟ್‌ಗೆ ನಡೆಯಿರಿ. 1980ರ ಏಪ್ರಿಲ್ 5ರಂದು, ಇನ್ನೂ ಹೆಸರೇ ಇಡದ ಬ್ಯಾಂಡು, ಗೆಳತಿಯೊಬ್ಬಳ ಬರ್ತ್‌ಡೇ ಪಾರ್ಟಿಗೆ ಹಳೇ ಚರ್ಚೊಂದರಲ್ಲಿ ಮೊದಲ ಸಲ ನುಡಿಸಿತು. ಚರ್ಚ್ ಕೆಡವಿದ್ದಾರೆ. ಗೋಪುರ ಮಾತ್ರ ಒಂಟಿಯಾಗಿ ನಿಂತಿದೆ. ಎರಡು ನಿಮಿಷದಲ್ಲಿ ನೋಡಿ ಮುಗಿಯುತ್ತದೆ, ಜಾಸ್ತಿ ನಿರೀಕ್ಷೆ ಬೇಡ.

ನನಗೆ ಇಷ್ಟದ ಜಾಗ ಡಡ್ಲಿ ಪಾರ್ಕ್ ಹತ್ತಿರದ ರೈಲು ಸೇತುವೆ. ‘ಮರ್ಮರ್’ ಹಿಂಬದಿಯಲ್ಲಿರುವ ಚಿತ್ರ ಅದರದೇ. ಹಳೇ ಮರ ಕೊಳೆತು ಬಹುಪಾಲು ತೆಗೆದುಹಾಕಿದ್ದಾರೆ, ಈಗಿರುವುದು ನಡೆಯುವವರಿಗೆ, ಸೈಕಲ್‌ನವರಿಗೆ ಕಟ್ಟಿದ ಹೊಸದು. ಆದರೂ ಕವರ್ ಕಣ್ಣೆದುರು ಹಿಡಿದು ಹಿಂದೆ ಮುಂದೆ ಸರಿಯಿರಿ, ಚಿತ್ರ ಎಲ್ಲಿ ಕೂಡುತ್ತದೆ ಅಂತ ಹುಡುಕಿ. ಗಾಳಿ ಬಂದರೆ ಕವರ್ ಹಾಳೆ ಪಟಪಟ ಹೊಡೆದುಕೊಳ್ಳುತ್ತದೆ, ಎರಡೂ ಕೈಯಲ್ಲಿ ಹಿಡಿಯಿರಿ. ಕವರ್ ಮುಂಬದಿಯಲ್ಲಿರುವ ಬಳ್ಳಿ ಕುಡ್ಜು. ನಮ್ಮ ಕಾಡಿಗೆ ಲಂಟಾನ ಹೇಗೋ ಇಲ್ಲಿಗೆ ಅದು ಹಾಗೆ: ಹೊರಗಿನಿಂದ ತಂದದ್ದು, ಈಗ ಎಲ್ಲವನ್ನೂ ಮುಚ್ಚುತ್ತದೆ. ಹಸಿರಾಗಿ ನೋಡಬೇಕಾದರೆ ಬೇಸಿಗೆಯಲ್ಲೇ ಹೋಗಿ, ಹಿಮ ಬಿದ್ದರೆ ಕಂದಿಹೋಗುತ್ತದೆ.

ಊಟಕ್ಕೆ ವೀವರ್ ಡೀಸ್. ತೆರೆದಿದೆಯಾ ಅಂತ ಮೊದಲೇ ಫೋನ್ ಮಾಡಿ. 1992ರ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್‌ನ ಹೆಸರು ಈ ಹೋಟೆಲಿನ ಬೋರ್ಡಿನಿಂದಲೇ ತೆಗೆದುಕೊಂಡದ್ದು. ಸಸ್ಯಾಹಾರಿಗಳು ಸೊಪ್ಪಿನ ಪಲ್ಯ ನೋಡಿ ಖುಷಿಪಡುವ ಮುಂಚೆ ಕೇಳಿಕೊಳ್ಳಿ. ಅಮೆರಿಕದ ದಕ್ಷಿಣದಲ್ಲಿ ಸೊಪ್ಪು ಬೇಯಿಸುವಾಗ ಹಂದಿಮಾಂಸ ಹಾಕುವುದು ಮಾಮೂಲು. ನನ್ನಮ್ಮ ಬಂದಿದ್ದಾಗ ಕಾರ್ನ್‌ಬ್ರೆಡ್ಡಿಗೆ ಚಟ್ನಿಪುಡಿ ನೆಂಚಿಕೊಂಡು ತಿಂದರು.

ರಾತ್ರಿಗೆ 40 ವಾಟ್ ಕ್ಲಬ್. ಒಂದೇ ನಲವತ್ತು ವಾಟ್ ಬಲ್ಬಿನ ಕೆಳಗೆ ಶುರುವಾದ ಜಾಗ ಅಂತ ಆ ಹೆಸರು. ಅದಾದ ಮೇಲೆ ಊರೊಳಗೇ ಹಲವು ಸಲ ಮನೆ ಬದಲಾಯಿಸಿ ಈಗ ವಾಷಿಂಗ್ಟನ್ ಸ್ಟ್ರೀಟಿನಲ್ಲಿದೆ. 2025ರ ಫೆಬ್ರವರಿಯಲ್ಲಿ ಇಲ್ಲಿ ನಟ ಮೈಕಲ್ ಶ್ಯಾನನ್ ಆರ್.ಇ.ಎಂ. ಹಾಡುಗಳನ್ನು ಹಾಡುತ್ತಿದ್ದ. ನಡುವೆ ಆ ನಾಲ್ಕೂ ಜನ ವೇದಿಕೆ ಹತ್ತಿ ಅವನ ಜೊತೆ ನುಡಿಸಿದರು. ಆ ಹೊತ್ತಿಗೆ ನಾನು ಮನೆಯಲ್ಲಿ ಮಗಳನ್ನು ಮಲಗಿಸುತ್ತಿದ್ದೆ. ಟಿಕೆಟ್ ತಗೊಳ್ಳೋಣ ಅಂದಿದ್ದ ಗೆಳೆಯನಿಗೆ ‘ವಾರದ ನಡುವೆ ಯಾರು ಹೋಗ್ತಾರೆ ಬಿಡೋ’ ಅಂದವನೂ ನಾನೇ.

ನೀವು ಹೋದ ದಿನ ಯಾರು ನುಡಿಸುತ್ತಿದ್ದರೂ ಸರಿ, ಟಿಕೆಟ್ ತಗೊಂಡು ಒಳಗೆ ಹೋಗಿ. ಎಲ್‌ಪಿ ಮಾತ್ರ ಕಾರಿನಲ್ಲಿ ಬಿಡಬೇಡಿ, ಜುಲೈ ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.