ಕೊಯ್ದರೂ ನಡು ಬಗ್ಗದ ಫಿಯೆಟ್: ನನ್ನ ಅನುಭವ

ವಿಲ್ಸನ್ ಗಾರ್ಡನ್‌ನ ನನ್ನ ಶೆಡ್ಡಿಗೆ ಬಂದ ಒಂದು ಪ್ರೀಮಿಯರ್ ಪದ್ಮಿನಿಯ (ನಮ್ಮ ಬಾಯಲ್ಲಿ ಫಿಯೆಟ್) ಎರಡೂ ಬದಿಯ ರನ್ನಿಂಗ್ ಬೋರ್ಡ್‌ಗಳು, ಅಂದರೆ ಬಾಗಿಲುಗಳ ಕೆಳಗಿನ ಉದ್ದ ತಗಡಿನ ಪಟ್ಟಿಗಳು, ಸ್ಕ್ರೂಡ್ರೈವರ್ ತಾಗಿಸಿದರೆ ಹಪ್ಪಳದಂತೆ ಪುಡಿಯಾಗುತ್ತಿದ್ದವು. ಜೆ.ಸಿ. ರಸ್ತೆಯ ಹಿರಿಯ ಟಿಂಕರ್ (ಗಾಡಿಯ ತಗಡು ಕೆಲಸದವರು) ಒಬ್ಬರು ಬಗ್ಗಿ ನೋಡಿ, “ಇದನ್ನು ಕೊಯ್ದರೆ ಗಾಡಿ ನಡು ಬಗ್ಗುತ್ತೆ, ಗುಜರಿಗೆ ಹಾಕ್ರೀ” ಎಂದರು. ಜೀಪು, ಜಿಪ್ಸಿಗಳಾದರೆ ಬೋಲ್ಟ್ ಬಿಚ್ಚಿ ಬಾಡಿಯನ್ನು ಎತ್ತಿಟ್ಟರೂ ಕೆಳಗಿನ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ತನ್ನ ಪಾಡಿಗೆ ನೇರವಾಗಿರುತ್ತದೆ. ಫಿಯೆಟ್, ಅಂಬಾಸಡರ್, ಮಾರುತಿ 800ಗಳಂತಹ ಮೊನೊಕಾಕ್ ಗಾಡಿಗಳಲ್ಲಿ ಬೇರೆ ಚೌಕಟ್ಟಿಲ್ಲ, ಬಾಡಿಯ ತಗಡೇ ಚಾಸಿ.

ಇದು ಗೊತ್ತಿದ್ದೂ ನಾನು ಹಿಂದೊಂದು ಫಿಯೆಟ್ ಕೆಡಿಸಿದ್ದೆ. ಹಿಂದೆ ಮುಂದೆ ಸ್ಟ್ಯಾಂಡ್ ಕೊಟ್ಟು, ಎಡಬದಿಯನ್ನು ಒಂದೇ ಸಲಕ್ಕೆ ಉದ್ದಕ್ಕೂ ಕತ್ತರಿಸಿದ್ದರಿಂದ ನಡು ಇಳಿದು, ಬಾಗಿಲಿನ ಮೇಲ್ಗಡೆಯ ಗ್ಯಾಪ್ ಮುಚ್ಚಿ, ಲಾಕ್ ಕೂರಲೇ ಇಲ್ಲ. ಗಟ್ಟಿಯಾಗಲೆಂದು 14 ಗೇಜ್ ತಗಡು (ಗೇಜ್ ಕಡಿಮೆಯಾದಷ್ಟೂ ತಗಡು ದಪ್ಪ) ಹಾಕಿದ್ದು ಇನ್ನೊಂದು ಪೆದ್ದುತನ. ದಪ್ಪ ತಗಡು ಅಲುಗದೆ, ಅದರ ಅಂಚಿನ ಹಳೆಯ ತೆಳು ತಗಡು ನಾಲ್ಕೈದು ತಿಂಗಳಲ್ಲಿ ಸೀಳಿತು. ಮುಂಗಡವನ್ನು ಹಿಂತಿರುಗಿಸಿದ್ದೂ ಸೇರಿ ಸುಮಾರು 18 ಸಾವಿರ ಕೈಬಿಟ್ಟಿತು.

ದಾರಿ ತೋರಿಸಿದ್ದು, ಬಿಡಿಭಾಗಕ್ಕೆಂದು ಕೊಂಡ ಹಳೆಯ ರೇವಾ. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ಮಾರುಕಟ್ಟೆಗೆ ಬಂದ ಆ ವಿದ್ಯುತ್ ಕಾರಿನ ಎ.ಬಿ.ಎಸ್. ಪ್ಲಾಸ್ಟಿಕ್ ಹೊರಮೈಯನ್ನು ಕುತೂಹಲಕ್ಕೆ ಪೂರ್ತಿ ಬಿಚ್ಚಿದೆ. ಒಳಗಿನ ಉಕ್ಕಿನ ಪೈಪುಗಳ ಗೂಡು ಕದಲಲಿಲ್ಲ. ಕೊಯ್ಯುವಷ್ಟು ದಿನ ಫಿಯೆಟ್‌ಗೂ ಇಂಥದೊಂದು ಗೂಡನ್ನು ಸಾಲ ಕೊಟ್ಟರಾಯಿತು ಎಂದು ಹೊಳೆದದ್ದು ಆಗ.

ಗಾಡಿಯನ್ನು ಸಮನೆಲದಲ್ಲಿ ಚಕ್ರಗಳ ಮೇಲೆಯೇ ನಿಲ್ಲಿಸಿ, ನಾಲ್ಕೂ ಬಾಗಿಲುಗಳ ಗ್ಯಾಪಿಗೆ ಒಂದು ರೂಪಾಯಿಯ ನಾಣ್ಯಗಳನ್ನು ತೂರಿಸಿ, ಎಲ್ಲಿ ಎಷ್ಟು ಹಿಡಿಯುತ್ತವೆಂದು ಚಾಕ್‌ಪೀಸಿನಲ್ಲಿ ಬರೆದೆ. ಬಾಗಿಲು ಕಳಚಿ, ಕಂಬದಿಂದ ಕಂಬಕ್ಕೂ ಬದಿಯಿಂದ ಬದಿಗೂ ಒಂದಿಂಚಿನ ಚೌಕ ಪೈಪುಗಳನ್ನು ವೆಲ್ಡ್ ಮಾಡಿದೆ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದೆ, ಒಂದು ಸಲಕ್ಕೆ ಒಂದಡಿ ಉದ್ದವಷ್ಟೇ ಕೊಯ್ದು, 20 ಗೇಜ್ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಕೂರಿಸಿ, ಇಂಚಿಗೊಂದು ತೂತಿನಲ್ಲಿ ಸಿ.ಓ.2 ವೆಲ್ಡಿಂಗ್ (ತಂತಿಯನ್ನು ಕರೆಂಟಿನಲ್ಲಿ ಕರಗಿಸುವ ಬಗೆ) ತುಂಬಿ, ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನ ಅಡಿಗೆ ಹೋಗುತ್ತಿದ್ದೆ. ಬೆಂಕಿಯುರಿಯ ಗ್ಯಾಸ್ ವೆಲ್ಡಿಂಗ್‌ನ ಬಿಸಿಗೆ ತಗಡು ಸೊಟ್ಟಗಾಗುವುದರಿಂದ ಅದರ ಹತ್ತಿರ ಸುಳಿಯಲಿಲ್ಲ. ಕೆಳಗಿನ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಕೂಲಿ, ಸಾಮಾನು ಸೇರಿ 38 ಸಾವಿರದಷ್ಟು ಖರ್ಚು, ಮೂರು ವಾರದ ಕೆಲಸ. ಬಿಲ್ಲು 55 ಸಾವಿರ. ಎರಡು ಮಳೆಗಾಲ ಕಳೆದರೂ ನಾಣ್ಯದ ಲೆಕ್ಕ ಬದಲಾಗಿಲ್ಲ. ಗೂಡಿನ ಪೈಪುಗಳನ್ನು ಯಾವ ಕ್ರಮದಲ್ಲಿ ಕತ್ತರಿಸಿ ತೆಗೆಯಬೇಕು ಎಂಬುದರಲ್ಲೇ ಅರ್ಧ ವಿದ್ಯೆಯಿದೆ. ಮೊನ್ನೆ ಅದೇ ಹಿರಿಯರು ಬಂದು, ನಾಲ್ಕೂ ಬಾಗಿಲುಗಳನ್ನು ಒಂದೇ ಬೆರಳಿನಲ್ಲಿ ತಳ್ಳಿ ಮುಚ್ಚಿ, ಆ ಕ್ರಮ ಯಾವುದೆಂದು ಕೇಳಿದರು. ನಾನು ಹುಡುಗನನ್ನು ಕರೆದು ಅವರಿಗೆ ಕಾಫಿ ತರಿಸಿದೆ.