ಪುಟ್ ಆಫ್: ಮುಂದೂಡುವುದೋ, ಆರಿಸುವುದೋ?

ರಾತ್ರಿ ಹತ್ತು ದಾಟಿದ ಮೇಲೆ ಮಂಗಳೂರಿನ ಯಾವ ಹಾಸ್ಟೆಲಿನ ಜಗಲಿಯಲ್ಲಿ ನಿಂತರೂ ‘ಲೈಟ್ ಪುಟ್ ಆಫ್ ಮಾಡು ಮಾರಾಯ’ ಎಂಬ ಮಾತು ಕಿವಿಗೆ ಬೀಳುತ್ತದೆ. ಊರಿನಲ್ಲಿ ಇದು ಎಲ್ಲರಿಗೂ ಅರ್ಥವಾಗುವುದರಿಂದ ತಕರಾರು ಬೇಕಿಲ್ಲ. ಆದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು, ಗಲ್ಫಿನ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರು ಇದನ್ನು ಊರಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಲೈಟಿಗೆ, ಫ್ಯಾನಿಗೆ ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ಎನ್ನಿ. ಬೆಂಕಿ, ಬೀಡಿ, ಮೇಣದ ಬತ್ತಿಗಳಿಗೆ ‘ಪುಟ್ ಔಟ್’. ದೀಪಕ್ಕೂ ‘ಪುಟ್ ಔಟ್’ ಸಲ್ಲುತ್ತದೆ, ಫ್ಯಾನಿಗೆ ಸಲ್ಲುವುದಿಲ್ಲ. ‘ಪುಟ್ ಆಫ್’ ಮಾಡುವ ನಿಜವಾದ ಕೆಲಸವೇ ಬೇರೆ.

ಮೊದಲ ಹೆಜ್ಜೆ: ಕೆಲಸವೋ, ಮನುಷ್ಯನೋ?

ವಾಕ್ಯದಲ್ಲಿ ‘ಪುಟ್ ಆಫ್’ಗೆ ಒಳಗಾಗುತ್ತಿರುವುದು ಏನು ಎಂದು ನೋಡಿ. ಕೆಲಸವೋ ಕಾರ್ಯಕ್ರಮವೋ ಆಗಿದ್ದರೆ ಅರ್ಥ ಒಂದೇ: ಮುಂದೂಡು. ‘ದೆ ಪುಟ್ ಆಫ್ ದ ಕಂಬಳ’ ಎಂದರೆ ಕಂಬಳವನ್ನು ಮುಂದೆ ಹಾಕಿದರು.

ಒಳಗಾಗುತ್ತಿರುವುದು ಮನುಷ್ಯನಾದರೆ ಮೂರು ದಾರಿ ತೆರೆದುಕೊಳ್ಳುತ್ತವೆ. ಸಾಲ ಕೇಳಲು ಬಂದವರಿಗೆ ದಿನಕ್ಕೊಂದು ಸಬೂಬು ಹೇಳಿ ಸಾಗಹಾಕುವುದು ಒಂದು: ‘ಹಿ ಕೀಪ್ಸ್ ಪುಟಿಂಗ್ ಮಿ ಆಫ್’. ತುಳುವಿನಲ್ಲಿ ‘ಎಲ್ಲೆ, ಎಲ್ಲೆ’ (ನಾಳೆ, ನಾಳೆ) ಅನ್ನುತ್ತಲೇ ತಿಂಗಳು ಕಳೆಯುತ್ತಾರಲ್ಲ, ಅದೇ. ಎರಡನೆಯದು ಮನಸ್ಸು ಕೆಡುವುದು, ಬೇಡವೆನಿಸುವುದು. ಒಣಮೀನಿನ ವಾಸನೆಗೆ ಒಗ್ಗದ ಅತಿಥಿಯ ಬಗ್ಗೆ ‘ದ ಸ್ಮೆಲ್ ಪುಟ್ ಹಿಮ್ ಆಫ್ ಹಿಸ್ ಲಂಚ್’ ಎನ್ನಬಹುದು. ಇದರಿಂದಲೇ ‘ಆಫ್-ಪುಟಿಂಗ್’ ಎಂಬ ವಿಶೇಷಣ ಹುಟ್ಟಿದ್ದು. ದರ್ಪದ ಮಾತು, ಕೊಳಕು ಮೇಜು, ಮುಖ ಸಿಂಡರಿಸಿ ಮಾತಾಡುವ ಗುಮಾಸ್ತ, ಎಲ್ಲಕ್ಕೂ ಹೊಂದುತ್ತದೆ. ಮೂರನೆಯದು ಗಮನ ತಪ್ಪಿಸುವುದು. ಕೇರಂನಲ್ಲಿ ಸ್ಟ್ರೈಕರ್ ಹೊಡೆಯುವ ಹೊತ್ತಿಗೆ ಪಕ್ಕದವರು ಕೆಮ್ಮಿದರೆ ‘ಯು ಪುಟ್ ಮಿ ಆಫ್’.

ಎರಡನೆಯ ಹೆಜ್ಜೆ: ಪದಗಳ ಜಾಗ

‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಹೆಸರಿನ ಬದಲು ‘ಇಟ್’, ‘ಹಿಮ್’, ‘ದೆಮ್’ ಬಂದರೆ ಮಾತ್ರ ಅದು ಕಡ್ಡಾಯವಾಗಿ ನಡುವೆ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಭೂತಕಾಲದಲ್ಲೂ ‘ಪುಟ್’ ಬದಲಾಗುವುದಿಲ್ಲ, ‘ಪುಟೆಡ್’ ಎಂಬುದು ಇಲ್ಲಿಲ್ಲ. ‘ಇಟ್’ ನಡುವೆ ಬಂದಾಗ ದನಿಯ ಒತ್ತು ‘ಆಫ್’ ಮೇಲೆ ಬೀಳಲಿ.

ಮೂರನೆಯ ಹೆಜ್ಜೆ: ‘ಟು’ ಅಲ್ಲ, ‘ಇಂಗ್’

‘ಐ ಪುಟ್ ಆಫ್ ಟು ಗೋ ಟು ದ ಡೆಂಟಿಸ್ಟ್’ ಎಂದು ಬರೆಯುವವರು ತುಂಬಾ ಜನ. ಇಲ್ಲಿ ಕನ್ನಡವೇ ದಾರಿ ತೋರಿಸುತ್ತದೆ. ನಾವು ‘ಹೋಗುವುದನ್ನು ಮುಂದೆ ಹಾಕಿದೆ’ ಅನ್ನುತ್ತೇವೆಯೇ ಹೊರತು ‘ಹೋಗಲು ಮುಂದೆ ಹಾಕಿದೆ’ ಅನ್ನುವುದಿಲ್ಲ. ‘ಹೋಗುವುದು’ ಎಂಬುದಕ್ಕೆ ಇಲ್ಲಿ ಇಂಗ್ಲಿಷಿನಲ್ಲಿ ‘ಗೋಯಿಂಗ್’. ಹಾಗಾಗಿ ‘ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್’.

ನಾಲ್ಕನೆಯ ಹೆಜ್ಜೆ: ಯಾವಾಗಿಗೆ, ಎಷ್ಟು ದಿನ, ಯಾಕೆ

ಹೊಸ ದಿನಾಂಕ ಹೇಳುವಾಗ ‘ಟಿಲ್’ ಅಥವಾ ‘ಅನ್ಟಿಲ್’: ‘ಪುಟ್ ಆಫ್ ಟಿಲ್ ಮಂಡೇ’. ಎಷ್ಟು ದಿನ ಮುಂದೆ ಹೋಯಿತು ಎನ್ನಲು ‘ಬೈ’: ‘ಪುಟ್ ಆಫ್ ಬೈ ಟೂ ಡೇಸ್’. ಕಾರಣಕ್ಕೆ ‘ಬಿಕಾಸ್ ಆಫ್’ ಬಳಸುವುದು ಕ್ಷೇಮ. ‘ಐ ವಾಸ್ ಪುಟ್ ಆಫ್ ಬೈ ದ ರೈನ್’ ಎಂದರೆ ಮಳೆ ನೋಡಿ ನನಗೇ ಹೋಗುವ ಮನಸ್ಸು ಹೋಯಿತು ಎಂದಾಗುತ್ತದೆ. ಕರಾವಳಿಯ ಜುಲೈಯಲ್ಲಿ ಆ ವಾಕ್ಯಕ್ಕೂ ಕೆಲಸವಿದೆ ಅನ್ನಿ.

ಐದನೆಯ ಹೆಜ್ಜೆ: ಮುಂದೆ ಯಾವ ಕಡೆ?

ಕನ್ನಡ ಬಲ್ಲವರು ಹೆಚ್ಚು ಎಡವುವುದು ಇಲ್ಲಿ. ನಮಗೆ ‘ಮುಂದಿನ ವಾರ’ ಎಂದರೆ ಬರಲಿರುವುದು, ‘ಹಿಂದಿನ ವಾರ’ ಎಂದರೆ ಕಳೆದದ್ದು. ಹಾಗಾಗಿ ಪರೀಕ್ಷೆ ‘ಮುಂದಕ್ಕೆ ಹೋಯಿತು’ ಎಂದರೆ ತಡವಾಯಿತು. ಅದನ್ನೇ ಪದಕ್ಕೆ ಪದವಿಟ್ಟು ‘ಪುಟ್ ಫಾರ್ವರ್ಡ್’ ಎಂದರೆ ಅರ್ಥ ತಲೆಕೆಳಗಾಗುತ್ತದೆ. ‘ಪುಟ್ ಫಾರ್ವರ್ಡ್’ ಎಂದರೆ ಒಂದು ಸಲಹೆಯನ್ನು ಮುಂದಿಡುವುದು, ಅಥವಾ ನಿಗದಿಯಾದ ಹೊತ್ತನ್ನು ಬೇಗಕ್ಕೆ ತರುವುದು. ‘ಬ್ರಿಂಗ್ ಫಾರ್ವರ್ಡ್’ ಎಂಬುದೂ ಬೇಗಕ್ಕೇ. ತಡವಾಗಿಸುವುದು ‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’. ನಮ್ಮ ಕಣ್ಣಿಗೆ ಎರಡೂ ಉಲ್ಟಾ.

ಬ್ಯಾಂಕಿನ ಸರತಿ ಸಾಲನ್ನು ನೆನೆಸಿಕೊಂಡರೆ ಗೊಂದಲ ಕರಗುತ್ತದೆ. ಹಿಂದೆ ನಿಂತವರನ್ನು ಕೌಂಟರಿನವರು ‘ಮುಂದೆ ಬನ್ನಿ’ ಎಂದು ಕರೆದರೆ ಅವರ ಸರದಿ ಬೇಗ ಬರುತ್ತದೆ. ಇಂಗ್ಲಿಷಿನ ಮೀಟಿಂಗ್ ಈ ಸಾಲಿನಲ್ಲಿ ನಿಂತಿದೆ, ‘ಫಾರ್ವರ್ಡ್’ ಎಂದರೆ ಅದು ನಮ್ಮ ಹತ್ತಿರಕ್ಕೆ ಬಂತು. ಕನ್ನಡದಲ್ಲಿ ಮೀಟಿಂಗನ್ನು ನಾವು ದಾರಿಯುದ್ದಕ್ಕೂ ದೂರ ತಳ್ಳುತ್ತೇವೆ. ಇಂಗ್ಲಿಷರಿಗೂ ಇದು ಪೂರ್ತಿ ಸಲೀಸಲ್ಲ. ಬುಧವಾರದ ಮೀಟಿಂಗ್ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆಗಿದೆ ಎಂದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಅದಕ್ಕೇ ಯಾವ ಪದ ಬಳಸಿದರೂ ಹೊಸ ದಿನಾಂಕವನ್ನು ಪಕ್ಕದಲ್ಲಿ ಬರೆದುಬಿಡಿ.

‘ಪ್ರೀಪೋನ್’ ಬಳಸಬಹುದೇ? ಇಲ್ಲಿನ ಕಚೇರಿಗಳಲ್ಲಿ ಧಾರಾಳವಾಗಿ. ನಿಘಂಟುಗಳು ಅದನ್ನು ಭಾರತೀಯ ಇಂಗ್ಲಿಷಿನ ಪದವೆಂದು ಗುರುತಿಸಿವೆ. ಅಚ್ಚುಕಟ್ಟಾದ ಪದವೇ, ಹೊರಗಿನವರಿಗೆ ಪರಿಚಯ ಕಡಿಮೆ ಅಷ್ಟೆ.

ಬದಲಿ ಪದಗಳು

ನೋಟಿಸಿಗೆ, ಪತ್ರಕ್ಕೆ ‘ಪೋಸ್ಟ್‌ಪೋನ್’ ಸರಿಯಾದ ತೂಕದ ಪದ. ‘ಡಿಫರ್’ ಬ್ಯಾಂಕು, ಕಚೇರಿಗಳದ್ದು: ಕಂತು, ನಿರ್ಧಾರ, ಪ್ರವೇಶ ಇವುಗಳಿಗೆ. ಅದರ ಮುಂದೆ ‘ಟು’ ಎಂದು ಹಾಕಿ ಹಿರಿಯರ ಹೆಸರು ಬರೆದರೆ ಅವರ ಮಾತಿಗೆ ತಲೆಬಾಗುವುದು ಎಂದಾಗುತ್ತದೆ, ಎಚ್ಚರ. ‘ಅಡ್ಜರ್ನ್’ ಆಗುವುದು ಸಾಮಾನ್ಯವಾಗಿ ಕೋರ್ಟಿನ ಕೇಸು, ಸಭೆ, ಕಲಾಪ. ಪರೀಕ್ಷೆ, ಮದುವೆಗಳಿಗೆ ಈ ಪದ ಒಪ್ಪುವುದಿಲ್ಲ. ‘ಡಿಲೇ’ಯಲ್ಲಿ ಯಾರಾದರೂ ನಿರ್ಧಾರ ಮಾಡಿರಬೇಕೆಂದಿಲ್ಲ. ರೈಲು ‘ಡಿಲೇಡ್’ ಆಗುತ್ತದೆ, ‘ಪುಟ್ ಆಫ್’ ಆಗುವುದಿಲ್ಲ. ‘ರೀಶೆಡ್ಯೂಲ್’ನಲ್ಲಿ ದಿನ ಬೇಗವೂ ಆಗಬಹುದು, ತಡವೂ ಆಗಬಹುದು. ‘ಶೆಲ್ವ್’ ಎಂದರೆ ಕಡತ ಕಪಾಟು ಸೇರಿತು, ಯಾವಾಗ ಇಳಿಯುತ್ತದೋ ಗೊತ್ತಿಲ್ಲ.

‘ಪ್ರೊಕ್ರಾಸ್ಟಿನೇಟ್’ ಮನುಷ್ಯರ ಚಾಳಿಗೆ ಮಾತ್ರ. ಅದರೊಳಗಿನ ‘ಕ್ರಾಸ್’ ಲ್ಯಾಟಿನ್ ಮಾತು, ಅರ್ಥ ‘ನಾಳೆ’. ‘ನಾಳೆ ಎಂದವನ ಮನೆ ಹಾಳು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ಪದ ಸಿಗಲಿಕ್ಕಿಲ್ಲ. ಚುನಾವಣಾ ಆಯೋಗ ಚುನಾವಣೆಯನ್ನು ‘ಪೋಸ್ಟ್‌ಪೋನ್’ ಮಾಡುತ್ತದೆ. ಅಸೈನ್‌ಮೆಂಟ್ ಹಿಡಿದು ಮೊಬೈಲ್ ನೋಡುತ್ತಾ ಕೂತ ಹುಡುಗ ‘ಪ್ರೊಕ್ರಾಸ್ಟಿನೇಟ್’ ಮಾಡುತ್ತಾನೆ.

‘ಕಾಲ್ ಆಫ್’ ಅನ್ನು ಈ ಗುಂಪಿಗೆ ಸೇರಿಸಬೇಡಿ. ಅದು ರದ್ದು. ‘ದ ಮ್ಯಾರೇಜ್ ಹ್ಯಾಸ್ ಬೀನ್ ಪುಟ್ ಆಫ್’ ಎಂದರೆ ಮುಹೂರ್ತ ಬದಲಾಗಿದೆ, ‘ಕಾಲ್ಡ್ ಆಫ್’ ಎಂದರೆ ಸಂಬಂಧವೇ ಮುರಿದಿದೆ. ಅವಸರದಲ್ಲಿ ಮೆಸೇಜ್ ಕಳಿಸುವವರು ಈ ಎರಡನ್ನು ಅದಲುಬದಲು ಮಾಡಿದರೆ ಎರಡೂ ಮನೆಯವರಿಗೆ ಫೋನು ಎತ್ತಿಯೇ ಸಾಕಾಗುತ್ತದೆ.

ಕೈ ಪಳಗಲು ಊರಿನ ಸಂಗತಿಗಳನ್ನೇ ಹಿಡಿಯಿರಿ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಿಷೇಧ. ಮಲ್ಪೆಯ ಬೋಟಿನ ಎಂಜಿನ್ ರಿಪೇರಿಯನ್ನು ಅಲ್ಲಿಯವರೆಗೆ ಮುಂದೆ ಹಾಕಿದರೆ: ‘ವಿ ಪುಟ್ ಆಫ್ ರಿಪೇರಿಂಗ್ ದ ಎಂಜಿನ್ ಟಿಲ್ ಜೂನ್’. ಉಡುಪಿಯ ಪರ್ಯಾಯ, ಎಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ: ‘ಪರ್ಯಾಯ ಕಾಂಟ್ ಬಿ ಪುಟ್ ಆಫ್’. ಮಳೆಗೆ ಶಾಲೆಯ ವಾರ್ಷಿಕೋತ್ಸವ ಮುಂದೆ ಹೋದಾಗ ಪೋಷಕರಿಗೆ ಹೀಗೆ ಬರೆದರೆ ಯಾರೂ ತಿರುಗಿ ಕೇಳುವುದಿಲ್ಲ: ‘ಬಿಕಾಸ್ ಆಫ್ ಹೆವಿ ರೈನ್, ಸ್ಯಾಟರ್‌ಡೇಸ್ ಸ್ಕೂಲ್ ಡೇ ಹ್ಯಾಸ್ ಬೀನ್ ಪುಟ್ ಆಫ್ ಬೈ ಎ ವೀಕ್, ಟಿಲ್ ಸ್ಯಾಟರ್‌ಡೇ ದ ಟ್ವೆಂಟಿಯೆತ್’.