ಬೆಟ್ಟದ ಕಲ್ಗುಪ್ಪೆಯನ್ನು ಕೆಡಿಸದೆ ದಾಖಲಿಸುವುದು ಹೇಗೆ?

ಗಂಗಾವತಿ ಕಡೆಯ ಗುಡ್ಡ ಹತ್ತುವವರಿಗೆ ಹಿರೇಬೆಣಕಲ್ಲಿನ ‘ಮೋರ್ಯರ ಮನೆ’ಗಳು ಗೊತ್ತು. ಸುಮಾರು 400 ಶಿಲಾಸಮಾಧಿಗಳಿರುವ ಆ ತಾಣಕ್ಕೆ ಕೇಂದ್ರದ ರಕ್ಷಣೆಯಿದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಫಲಕ ಕಾಣದ ಗುಡ್ಡಗಳ ಕಲ್ಗುಪ್ಪೆಗಳಿಗೆ, ಅಂದರೆ ಪ್ರಾಚೀನ ಸಮಾಧಿಯ ಮೇಲೆ ಪೇರಿಸಿದ ಕಲ್ಲುರಾಶಿಗಳಿಗೆ, ಅಂಥ ಭಾಗ್ಯವಿಲ್ಲ. ಅವು ಕಣ್ಣಿಗೆ ಬಿದ್ದರೆ ಉತ್ಸಾಹಿಗಳು ಮೊದಲು ಮಾಡುವುದೇ ಕಲ್ಲೆತ್ತಿ ನೋಡುವುದು.

ಮೊದಲ ಹಂತ, ಗುರುತಿಸುವುದು. ಹೊಲ ಹಸನು ಮಾಡುವಾಗ ಬದುವಿಗೆ ಎಸೆದ ಕಲ್ಲುರಾಶಿಯೂ ದೂರದಿಂದ ಸಮಾಧಿಯಂತೆಯೇ ಕಾಣುತ್ತದೆ. ಹತ್ತಿರ ಹೋಗಿ ಅಂಚು ನೋಡಿ. ದೊಡ್ಡ ಗುಂಡುಕಲ್ಲುಗಳು ಅರ್ಧ ಹೂತು, ರಾಶಿಯ ಸುತ್ತ ವೃತ್ತವಾಗಿ ಕೂತಿದ್ದರೆ ಸಮಾಧಿ ಎಂದು ಶಂಕಿಸಲು ಕಾರಣವಿದೆ. ನಡುವೆ ಹೊಸ ಗುಂಡಿಯಿದ್ದರೆ ನಿಧಿಗಳ್ಳರು ನಿಮಗಿಂತ ಮೊದಲೇ ಬಂದಿದ್ದಾರೆ. ಇಂಥ ಕಡೆ ಅಗೆದಾಗ ಸಿಗುವುದು ಹೆಚ್ಚಾಗಿ ಮೂಳೆ, ತುಕ್ಕು ಹಿಡಿದ ಕಬ್ಬಿಣ, ಕಪ್ಪು-ಕೆಂಪು ಮಡಕೆಯ ಚೂರು. ಕೊಪ್ಪರಿಗೆಯ ಕನಸು ಎಷ್ಟು ಗೋರಿಗಳನ್ನು ತಿಂದಿತೋ!

ಫೋಟೊ ತೆಗೆಯುವಾಗಲೇ ಬಹಳ ಜನ ಎಡವುತ್ತಾರೆ. ವೃತ್ತ ಚೆನ್ನಾಗಿ ಕಾಣಲೆಂದು ಕಲ್ಲಿಗೆ ಸುಣ್ಣ ಬಳಿಯುತ್ತಾರೆ, ಗಿಡ ಕೀಳುತ್ತಾರೆ, ಜರುಗಿದ ಕಲ್ಲನ್ನು ‘ಸರಿಯಾಗಿ’ ಕೂರಿಸುತ್ತಾರೆ. ಒಂದನ್ನೂ ಮಾಡಬೇಡಿ. ಕಲ್ಲು ಯಾವ ಓರೆಯಲ್ಲಿದೆ, ಯಾವುದರ ಮೇಲೆ ಯಾವುದಿದೆ ಎಂಬುದೇ ಪುರಾವೆ. ಒಮ್ಮೆ ಸರಿದರೆ ಯಾವ ತಜ್ಞರೂ ಅದನ್ನು ಮರಳಿ ತರಲಾರರು. ವೃತ್ತ ಕಾಣಲು ಸುಣ್ಣ ಬೇಡ, ಎಳೆಬಿಸಿಲು ಸಾಕು: ಸೂರ್ಯ ಕೆಳಗಿರುವಾಗ ಪ್ರತಿ ಕಲ್ಲಿಗೂ ನೆರಳು ಬೀಳುತ್ತದೆ. ಮಧ್ಯಾಹ್ನದ ಫೋಟೊ ದಂಡ. ಅಳತೆಗೆ ಗುರುತು ಹಾಕಿದ ಒಂದು ಮೀಟರ್ ಕೋಲನ್ನು ಪಕ್ಕದಲ್ಲಿಡಿ. ಗೆಳೆಯನನ್ನು ರಾಶಿಯ ಮೇಲೆ ನಿಲ್ಲಿಸಬೇಡಿ. ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ ತೆಗೆದು, ಉತ್ತರ ಯಾವ ಕಡೆ ಎಂದು ಬರೆದಿಡಿ. ಮಡಕೆಚೂರು ಕಂಡರೆ ಬಿದ್ದಲ್ಲೇ ಫೋಟೊ ತೆಗೆಯಿರಿ, ಜೇಬಿಗೆ ಹಾಕಬೇಡಿ.

ಟೇಪಿನಿಂದ ವೃತ್ತದ ಅಡ್ಡಗಲ ಅಳೆಯಿರಿ. ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ನೋಡಿಕೊಳ್ಳಿ. ಆದರೆ ಅದನ್ನು ಫೇಸ್‌ಬುಕ್‌ಗೆ ಹಾಕಬೇಡಿ. ಆನ್‌ಲೈನ್‌ನಲ್ಲಿ ಅಗ್ಗದ ಲೋಹಶೋಧಕ ತರಿಸಿಕೊಂಡವರು ಅದನ್ನೇ ಕಾಯುತ್ತಿರುತ್ತಾರೆ.

ಕೊನೆಗೆ ಪತ್ರ. ಊರು, ಸರ್ವೆ ನಂಬರು, ಫೋಟೊ, ಅಳತೆ ಸೇರಿಸಿ ರಾಜ್ಯ ಪುರಾತತ್ವ ಇಲಾಖೆಗೆ ಕಳುಹಿಸಿ, ತಹಶೀಲ್ದಾರರಿಗೊಂದು ಪ್ರತಿ ಕೊಡಿ. ಹತ್ತಿರ ಕಲ್ಲುಕ್ವಾರಿ ಇದ್ದರೆ ಅದರ ದೂರವನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಸ್ವೀಕೃತಿ ಮುದ್ರೆ ಬೀಳುವವರೆಗೆ ಕಚೇರಿಯಿಂದ ಏಳಬೇಡಿ.